ಅಂಗೈಗೆ ತಾಗಿದ ಹಕಾರ

"ನೀರು ಆವಿ ಆದ್ಮೇಲೆ ಎಲ್ಲಿಗೋಯ್ತದೆ? ಏಳ್ರೋ! ಯಾರಾದ್ರೂ ಏಳ್ರೋ!"

ಗೋಡೆಯಾಚೆಯಿಂದ ಬಂದ ಆ ಗುಡುಗಿಗೆ ಕೃಷ್ಣವೇಣಿಯ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು.

ಮರುಕ್ಷಣ ಪಕ್ಕದ ಕ್ಲಾಸಿನ ಬೆಂಚುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಆಮೇಲೆ ಕಿಸಕಿಸ ನಗು.

"ಯಾಕ್ರೋ ಎಲ್ಲಾ ಎದ್ರಿ? ಕೂತ್ಕಳ್ರೋ! ಉತ್ತರ ಏಳ್ರೋ ಅಂದ್ರೆ..."

ಕೂತವರು ಮತ್ತೆ ಎದ್ದ ಸದ್ದು. ಮತ್ತೆ ನಗು. ಈ ಸಲ ಇನ್ನೂ ಜೋರಾಗಿ!

ಕೃಷ್ಣವೇಣಿಗೆ ಅರ್ಥವಾಗಿಹೋಯಿತು. ಹೊಸದಾಗಿ ಬಂದಿರುವ ವಿಜ್ಞಾನದ ಮೇಷ್ಟ್ರು 'ಹೇಳ್ರೋ' ಅನ್ನುತ್ತಿದ್ದಾರೆ. ಅವರ ಊರು ಅಬ್ಬಿಗೆರೆ, ಆ ಕಡೆಯವರ ನಾಲಿಗೆಗೆ ಹಕಾರ ಹತ್ತದು. ಮಕ್ಕಳು ಬೇಕಂತಲೇ ಎದ್ದು ನಿಂತು ಮಜಾ ತೆಗೆದುಕೊಳ್ಳುತ್ತಿದ್ದಾರೆ.

ಅವಳಿಗೆ ಮೈಯೆಲ್ಲ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಹೋಗಿ ಪಕ್ಕದ ಕ್ಲಾಸಿನ ಬಾಗಿಲಲ್ಲಿ ನಿಂತಳು.

"ಕೂತ್ಕೊಳ್ಳಿ ಎಲ್ರೂ! ಸರ್ ಏನು ಅಂದ್ರು ಅಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎದ್ದು ನಿಂತ್ರಲ್ಲ, ನಾಚಿಕೆ ಆಗಲ್ವಾ?"

ಕ್ಲಾಸು ತಣ್ಣಗಾಯಿತು. ಕಪ್ಪು ಹಲಗೆಯ ಮುಂದೆ ನಿಂತಿದ್ದ ಎತ್ತರದ ಯುವಕ ಬಾಗಿಲ ತನಕ ನಡೆದು ಬಂದ. ಕತ್ತಿನ ನರ ಉಬ್ಬಿತ್ತು.

"ಮೇಡಂ, ನಿಮ್ಮನ್ನ ಯಾರ್ ಕರೆದ್ರು?"

"ಅಲ್ಲ ಸಾರ್, ಮಕ್ಕಳು ನಿಮ್ಮನ್ನ..."

"ನನ್ ಅವಮಾನ ನನಗೇ ಸಾಕಿತ್ತು. ಅದಕ್ಕೆ ಸಾಕ್ಷಿ ಬೇಕಿರ್ಲಿಲ್ಲ."

ಅವಳ ಮುಖದ ಮುಂದೆಯೇ ಬಾಗಿಲು ಮುಚ್ಚಿಕೊಂಡಿತು.

ಅಬ್ಬಾ! ಎಂಥ ಜಂಭ! ಸಹಾಯಕ್ಕೆ ಹೋದವಳಿಗೆ ಇದಾ ಮರ್ಯಾದೆ?

ಇವನೇ ನಮ್ಮ ಕಥೆಯ ನಾಯಕ. ಹೆಸರು ಬ್ಯಾಟರಾಯಪ್ಪ. ನಗಬೇಡಿ! ಸುರೇಶ, ರಮೇಶ ಅಂತ ಹೆಸರಿಟ್ಟುಕೊಂಡವರಿಗೆ ಮಾತ್ರ ಪ್ರೀತಿಯಾಗಬೇಕು ಅಂತ ಎಲ್ಲಿ ಬರೆದಿದೆ? ಇದು ೧೯೭೮ರ ಮಾತು. ಜಾಲಹಳ್ಳಿಯ ಆ ಖಾಸಗಿ ಹೈಸ್ಕೂಲಿನಲ್ಲಿ ಅರ್ಧ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು, ಇನ್ನರ್ಧ ಸುತ್ತಲ ಹಳ್ಳಿಯವರು. ರಾಯಪ್ಪ ಅಬ್ಬಿಗೆರೆಯ ದ್ರಾಕ್ಷಿ ತೋಟದವರ ಮಗ, ಆ ಮನೆಯಲ್ಲಿ ಬಿ.ಎಸ್ಸಿ. ಓದಿದ ಮೊದಲನೆಯವನು. ಕೃಷ್ಣವೇಣಿ ಕನ್ನಡದ ಟೀಚರು. ಆರ್.ಟಿ. ನಗರದ ಮನೆಯಿಂದ ಹೊರಟು, ಯಶವಂತಪುರದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದಳು.

ಆ ಗುರುವಾರ ಕೊನೆಯ ಪೀರಿಯಡ್ಡಿಗೆ ಅವಳಿಗೊಂದು ಆಶ್ಚರ್ಯ ಕಾದಿತ್ತು.

ಗುರುವಾರದ ಆ ಪೀರಿಯಡ್ಡಿಗೆ ಅವಳೇ ಇಟ್ಟ ಹೆಸರು 'ಕೇಳು-ಹೇಳು'. ಮಕ್ಕಳು ಇಬ್ಬಿಬ್ಬರಾಗಿ ಕೂರಬೇಕು. ಒಬ್ಬರು ತಮ್ಮ ಮನಸ್ಸಿನ ಮಾತು ಏನಾದರೂ ಹೇಳಬೇಕು. ಇನ್ನೊಬ್ಬರು ತಕ್ಷಣ ಉತ್ತರ ಕೊಡುವ ಹಾಗಿಲ್ಲ. ಮೊದಲು, "ನೀನು ಹೇಳಿದ್ದು ನನಗೆ ಹೀಗೆ ಕೇಳಿಸಿತು" ಅಂತ ಶುರುಮಾಡಿ, ಕೇಳಿದ್ದನ್ನು ತಿರುಗಿ ಹೇಳಿ, "ಸರಿಯಾ?" ಅಂತ ಕೇಳಬೇಕು. ಸರಿ ಅಂದ ಮೇಲೇ ಉತ್ತರ, ಜಗಳ, ಕೋಪ ಎಲ್ಲ. ಗಂಟೆ ಹೊಡೆಯುವ ಮುಂಚೆ ಪ್ರತಿಯೊಬ್ಬರೂ ತಾವು ಎಲ್ಲಿ ತಪ್ಪು ಕೇಳಿಸಿಕೊಂಡೆವು ಅಂತ ಒಪ್ಪಿಕೊಳ್ಳಬೇಕು.

ಆ ದಿನ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಒದ್ದಾಡುತ್ತಾ ಕೂತಿದ್ದ ಬ್ಯಾಟರಾಯಪ್ಪ!

"ಸಾರ್... ನೀವು?"

ಅವನು ಎದ್ದು ನಿಂತ. ಮಕ್ಕಳೆಲ್ಲ ತಿರುಗಿ ನೋಡಿದರು.

"ಆವತ್ತು ನಿಮ್ಮ ಮೇಲೆ ರೇಗಿದ್ದು ತಪ್ಪಾಯ್ತು ಮೇಡಂ. ಮಕ್ಳು ನಗೋದಕ್ಕಿಂತ, ನಾನ್ ಏಳೋ ಪಾಠ ಅವ್ರಿಗೆ ಮುಟ್ತಿಲ್ಲ ಅನ್ನೋದೇ ನನಗೆ ನೋವು. ನನಗೂ ಕಲಿಸ್ತೀರಾ?"

ಅಷ್ಟು ಜನ ಮಕ್ಕಳ ಎದುರಿಗೆ ಒಬ್ಬ ಮೇಷ್ಟ್ರು ಹೀಗೆ ಕೇಳಬಹುದಾ? ಕೃಷ್ಣವೇಣಿಯ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನಿಗೆ ಜೊತೆಗಾರ್ತಿಯಾಗಿ ಸಿಕ್ಕಿದ್ದು ಕನೀಜ್. ಕ್ವಾರ್ಟರ್ಸಿನ ಹುಡುಗಿ, ಮನೆಯಲ್ಲಿ ಉರ್ದು. ತಪ್ಪಾದೀತು ಅನ್ನುವ ಭಯಕ್ಕೆ ಕನ್ನಡದಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಮೇಷ್ಟ್ರೇ ತಪ್ಪು ಮಾತಾಡಿ, ತಿದ್ದಿಕೊಂಡು, ಮತ್ತೆ ಮಾತಾಡುವುದನ್ನು ನೋಡಿ ನೋಡಿ ಆ ಹುಡುಗಿಗೂ ಧೈರ್ಯ ಬಂತು. ದೀಪಾವಳಿ ರಜೆಯ ಹೊತ್ತಿಗೆ, "ಸಾರ್, ನೀವು ಹೇಳಿದ್ದು ನನಗೆ ಹೀಗೆ ಕೇಳಿಸಿತು" ಅಂತ ಅವನನ್ನೇ ದಬಾಯಿಸುವಷ್ಟಾದಳು.

ಹಕಾರದ ಪಾಠ ಮಾತ್ರ ಶಾಲೆ ಬಿಟ್ಟ ಮೇಲೆ, ಮೈದಾನದ ಹೊಂಗೆ ಮರದ ಕೆಳಗೆ, ಅವಳ ಬಸ್ಸು ಬರುವ ತನಕ.

"ಅಂಗೈನ ಬಾಯಿ ಮುಂದೆ ಹಿಡ್ಕೊಳ್ಳಿ. 'ಹ' ಅಂದಾಗ ಬಿಸಿ ಉಸಿರು ಅಂಗೈಗೆ ತಾಗ್ಬೇಕು. ಎಲ್ಲಿ... ಹಾಲು."

"ಆಲು."

"ತಾಗ್ತಾ?"

"ಇಲ್ಲ."

"ಹೂವು."

"ಊ... ಹೂವು!"

"ತಾಗ್ತು!" ಅಂತ ಇಬ್ಬರೂ ಒಟ್ಟಿಗೆ ಕೂಗಿದರು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ಸೈಕಲ್ಲು ತುಳಿಯುತ್ತಾ ಊರಿನ ತನಕ ಅವನು ಹೊಲ, ಹಸು, ಹುಣಸೆ ಅಂತ ಗುನುಗುತ್ತಿದ್ದ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವನ ಕ್ಲಾಸಿನಲ್ಲಿ ಯಾರೂ ಸುಮ್ಮಸುಮ್ಮನೆ ಎದ್ದು ನಿಲ್ಲುತ್ತಿರಲಿಲ್ಲ.

"ಪೂರ್ತಿ ಬಂದಿಲ್ಲ ಮೇಡಂ," ಅಂತ ಒಮ್ಮೆ ಅವನೇ ಒಪ್ಪಿಕೊಂಡಿದ್ದ. "ಗಾಬರಿ ಆದ್ರೆ ಸಾಕು, ಹಕಾರ ಓಡೋಗಿಬಿಡುತ್ತೆ."

"ಹಾಗಾದ್ರೆ ಗಾಬರಿ ಆಗ್ಬೇಡಿ!" ಅಂತ ನಕ್ಕುಬಿಟ್ಟಿದ್ದಳು.

ಆ ಮಾತನ್ನು ಅವಳು ನೆನಪಿಟ್ಟುಕೊಳ್ಳಬೇಕಿತ್ತು...

ಅವಳಿಗೆ ಅವನ ಮೇಲೆ ಮನಸ್ಸಾಗಿದ್ದು ಯಾವಾಗ? ಹೇಳುತ್ತೇನೆ ಕೇಳಿ. ಒಂದು ಸಂಜೆ ಬಸ್ಸಿನ ನೂಕುನುಗ್ಗಲು, ಕಾಲುನೋವು, ಮನೆಗೆ ಹೋದರೆ ಅಪ್ಪ-ಅಣ್ಣಂದಿರ ರಾಜಕೀಯದ ಚರ್ಚೆ ಅಂತ ಏನೇನೋ ಗೊಣಗಿಕೊಂಡಳು. ಅವನು ಎಲ್ಲ ಕೇಳಿ, ನಿಧಾನವಾಗಿ ಅಂದ:

"ನೀವು ಹೇಳಿದ್ದು ನನಗೆ ಹೀಗೆ ಕೇಳಿಸಿತು. ಬಸ್ಸಲ್ಲಿ ನಿಂತು ಹೋಗೋದು ದೊಡ್ಡ ಕಷ್ಟ ಅಲ್ಲ. ಮನೆಗೆ ಹೋದಾಗ 'ಬಂದ್ಯಾ?' ಅಂತ ಒಬ್ರೂ ಕೇಳಲ್ಲ, ಅದು ಕಷ್ಟ. ಸರಿಯಾ?"

ಕೃಷ್ಣವೇಣಿಯ ಕಣ್ಣು ತುಂಬಿಬಂತು. ಅವಳು ಆ ಮಾತು ಹೇಳಿಯೇ ಇರಲಿಲ್ಲ! ಆದರೂ ಅವನಿಗೆ ಕೇಳಿಸಿತ್ತು.

'ಇವನು... ಇವನೇ ನನಗೆ ಬೇಕು' ಅಂತ ಮನಸ್ಸು ಸ್ಪಷ್ಟವಾಗಿ ಹೇಳಿತು. ಆದರೆ ಬಾಯಿ? ಮಕ್ಕಳಿಗೆಲ್ಲ ಮನಸ್ಸಿನ ಮಾತು ಹೇಳಿ ಅಂತ ಪಾಠ ಮಾಡುವ ಟೀಚರಮ್ಮನ ಬಾಯಿಗೆ ಬೀಗ ಬಿದ್ದಿತ್ತು. ತಮ್ಮದು ಮಡಿಯ ಮನೆ, ಅವನದು ಬೇಸಾಯದ ಮನೆ. ಅಪ್ಪನಿಗೆ ತಿಳಿದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವನಿಗೆ ಆ ಥರದ ಯೋಚನೆಯೇ ಇಲ್ಲದಿದ್ದರೆ?

ಅಷ್ಟರಲ್ಲಿ ಕಷ್ಟ ಎರಡೂ ಕಡೆಯಿಂದ ಬಂತು. ಶಾಲೆಯಲ್ಲಿ ಹೆಡ್ ಮಾಸ್ಟರ್ ತ್ರಿವಿಕ್ರಮ ರಾಯರು ಇಬ್ಬರನ್ನೂ ಕರೆದು, "ಮರದ ಕೆಳಗೆ ದಿನಾ ಕೂತ್ಕೋತೀರಂತೆ. ಜನ ನಾಲ್ಕು ಮಾತಾಡ್ತಾರೆ, ಹುಷಾರು," ಅಂದರು. ಮನೆಯಲ್ಲಿ ಅಪ್ಪ ಬ್ಯಾಂಕ್ ಕೆಲಸದ ಹುಡುಗನೊಬ್ಬನ ಜಾತಕ ತಂದು, "ಎಲ್ಲ ಕೂಡಿಬಂದಿದೆ, ಈ ಭಾನುವಾರ ನಿಶ್ಚಿತಾರ್ಥ. ಹೂಂ ಅನ್ನು," ಅಂದರು.

ಅವಳು ಹೂಂ ಅನ್ನಲಿಲ್ಲ. ಸೋಮವಾರ ಸಂಜೆ, ಹೆಡ್ ಮಾಸ್ಟರರ ಮಾತನ್ನೂ ಲೆಕ್ಕಿಸದೆ ಹೊಂಗೆ ಮರದ ಕೆಳಗೆ ಬಂದು ಕೂತಳು. ರಾಯಪ್ಪ ಎದುರಿಗೆ ನಿಂತಿದ್ದ.

"ಮನೇಲಿ... ನನಗೊಂದು ಗಂಡು ಗೊತ್ತು ಮಾಡಿದಾರೆ."

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಈ ಭಾನುವಾರ ನಿಶ್ಚಿತಾರ್ಥ ಅಂತಿದಾರೆ. ನಾನಿನ್ನೂ ಹೂಂ ಅಂದಿಲ್ಲ. ಯಾಕಂದ್ರೆ..."

ಮಾತು ಅಲ್ಲಿಗೇ ನಿಂತಿತು. 'ನೀವೇ ಒಂದು ಮಾತು ಹೇಳಿ... ಬೇಡ ಅನ್ನಿ... ಸಾಕು!' ಅಂತ ಅವಳ ಕಣ್ಣು ಬೇಡಿಕೊಳ್ಳುತ್ತಿತ್ತು.

ಅದೇ ಹೊತ್ತಿಗೆ ಹೆಡ್ ಮಾಸ್ಟರು ವರಾಂಡಕ್ಕೆ ಬಂದು ಇತ್ತ ಕಡೆಯೇ ನೋಡುತ್ತಾ ನಿಂತರು.

"ಏಳಿ," ಅಂದ ರಾಯಪ್ಪ.

ಅವಳು ಬೆಚ್ಚಿ ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು.

"ಏಳಿ ಮೇಡಂ... ದಯವಿಟ್ಟು ಏಳಿ!"

'ಎದ್ದು ಹೋಗು ಅಂತಾನಾ? ಹೆಡ್ ಮಾಸ್ಟರ್ ನೋಡಿಬಿಟ್ರು ಅಂತ ಹೆದರಿದನಾ? ನನ್ನ ಜೀವನ ಹೋಗ್ತಿದೆ... ಇವನಿಗೆ ಜನ ನೋಡ್ತಾರೆ ಅನ್ನೋ ಚಿಂತೆ!'

ಅವಳು ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡಳು. ತಿರುಗಿಯೂ ನೋಡದೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಳು.

ಅಯ್ಯೋ, ಹುಚ್ಚಿ! ನಿಮಗೆ ಗೊತ್ತಾಯಿತಲ್ಲ? ಅವಳಿಗೆ ಗೊತ್ತಾಗಲಿಲ್ಲ. ತಿಂಗಳುಗಳಿಂದ ಅವನ ಬಾಯಲ್ಲಿ ಹಕಾರ ತಪ್ಪಿರಲಿಲ್ಲ. ಅದೂ ಅಲ್ಲದೆ, ಇವನು ನನ್ನನ್ನು ಬೇಡ ಅಂದುಬಿಟ್ಟರೆ ಅನ್ನುವ ಭಯ ಅವಳೊಳಗೆ ಮೊದಲೇ ಮನೆಮಾಡಿತ್ತು. ಅವಳ ಕಿವಿ ಆ ಭಯದ ಮಾತನ್ನೇ ಕೇಳಿಸಿಕೊಂಡಿತು.

ಅವನ ಗತಿಯಾದರೂ ಏನು ಹೇಳಿ? 'ಯಾಕಂದ್ರೆ' ಅಂತ ಶುರುಮಾಡಿದವಳನ್ನು ಮುಂದಿನ ಮಾತು ಹೇಳು ಅಂತ ಬೇಡಿಕೊಂಡ. ಅವಳು ಬಾಯಿಬಿಡದೆ ಎದ್ದು ಹೋದಳು!

ಆ ಸಂಜೆ ಕೃಷ್ಣವೇಣಿ ಅಪ್ಪನ ಮುಂದೆ ನಿಂತು ಹೂಂ ಅಂದಳು. ಅಮ್ಮ ಸಕ್ಕರೆ ತಂದು ಅವಳ ಬಾಯಿಗೆ ಹಾಕಿದರು. ಆ ಸಕ್ಕರೆ ನುಂಗಲು ಅವಳು ಪಟ್ಟ ಕಷ್ಟ ಯಾರಿಗೂ ಕಾಣಿಸಲಿಲ್ಲ.

ಮಂಗಳವಾರ ಅವನು ಶಾಲೆಗೆ ಬರಲಿಲ್ಲ. ಬುಧವಾರವೂ ಇಲ್ಲ. ಕೆಲಸ ಬಿಡುತ್ತೇನೆ, ತೋಟ ನೋಡಿಕೊಳ್ಳುತ್ತೇನೆ ಅಂತ ಹೇಳಿಕಳಿಸಿದ್ದಾನೆ ಅಂತ ಸ್ಟಾಫ್ ರೂಮಿನಲ್ಲಿ ಸುದ್ದಿಯಾಯಿತು.

'ಓಡಿಹೋದ, ಹೇಡಿ!' ಅಂತ ಬೈದುಕೊಂಡಳು. ಬೈದುಕೊಂಡರೂ ಕಣ್ಣೀರು ನಿಲ್ಲಲಿಲ್ಲ.

ಗುರುವಾರ ಬಂತು. ಕೊನೆಯ ಪೀರಿಯಡ್ಡು. ಮಕ್ಕಳು ಇಬ್ಬಿಬ್ಬರಾಗಿ ಕೂತು ಮಾತಾಡುತ್ತಿದ್ದರು. ಹಿಂದಿನ ಬೆಂಚು ಖಾಲಿ. ಕನೀಜ್ ಮಾತ್ರ ಜೊತೆಗಾರನಿಲ್ಲದೆ ಒಬ್ಬಳೇ ಕೂತಿದ್ದಳು.

"ಕನ್ನಡದ ಅಮ್ಮಾವ್ರು ನೀವೇನಾ?"

ಬಾಗಿಲಲ್ಲಿ ಒಬ್ಬ ಹೆಂಗಸು. ಹಣೆಯಲ್ಲಿ ಅಗಲವಾದ ಕುಂಕುಮ, ಕೈಯಲ್ಲಿ ದ್ರಾಕ್ಷಿ ತುಂಬಿದ ಬುಟ್ಟಿ. ಕಣ್ಣು ಥೇಟ್ ರಾಯಪ್ಪನದೇ!

"ನಾನು ಗಂಗರತ್ನಮ್ಮ. ರಾಯಪ್ಪನ ತಾಯಿ."

ಕೃಷ್ಣವೇಣಿ ಬಾಗಿಲಿಗೆ ಓಡಿದಳು. ಒಳಗೆ ಕರೆದು ಆ ಖಾಲಿ ಬೆಂಚಿನಲ್ಲೇ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ನನ್ ಮಗ ಇಸ್ಕೂಲಿಗೆ ಓಗಾಕಿಲ್ಲ ಅಂತಾನೆ. ಉಡುಗ್ರು ಮತ್ತೆ ನಕ್ರಾ ಅವನ್ನ ನೋಡಿ?"

"ಇಲ್ಲಮ್ಮ... ಯಾರೂ ನಗಲಿಲ್ಲ."

"ಮತ್ತೇನಾಯ್ತು? ಕೈನ ಬಾಯ್ ಮುಂದೆ ಇಟ್ಕಂಡು ತೋಟದಾಗೆಲ್ಲ ಊದ್ಕಂಡು ಓಡಾಡ್ತಿದ್ದ. ನಾವೆಲ್ಲ ನಗ್ತಿದ್ವಿ. ಅವನೂ ನಗ್ತಿದ್ದ. ಈಗ ಮಾತೂ ಇಲ್ಲ, ಊಟಾನೂ ಇಲ್ಲ. ಕೇಳಿದ್ರೆ, 'ಅವ್ವ, ನನ್ ಮಾತು ಯಾರಿಗೂ ಮುಟ್ಟಾಕಿಲ್ಲ' ಅಂತಾನೆ. ನಿಮ್ಮ ಅತ್ರ ಬಂದ್ರೆ ತಿಳಿತದೆ ಅಂತ ಬಂದೆ."

ಕೃಷ್ಣವೇಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಕ್ಕಳ ಎದುರಿಗೆ ಅಳಬಾರದು... ಅಳಬಾರದು...

ಗಂಗರತ್ನಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

"ಯಾಕವ್ವ? ಏನಾಯ್ತು? ಏಳವ್ವ... ಏಳು."

ಕೃಷ್ಣವೇಣಿ ಎದ್ದು ನಿಂತುಬಿಟ್ಟಳು. ಸೋಮವಾರದಿಂದ ಹಗಲೂ ರಾತ್ರಿ ಕಿವಿಯಲ್ಲಿ ಚುಚ್ಚುತ್ತಿದ್ದ ಮಾತು ಅದು. ಕೇಳಿದ ಕೂಡಲೇ ಕಾಲು ತಾನಾಗಿಯೇ ಎದ್ದಿತು.

ಗಂಗರತ್ನಮ್ಮ ಕಕ್ಕಾಬಿಕ್ಕಿಯಾಗಿ ನೋಡಿದಳು. ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ.

ಕನೀಜ್ ಮೆಲ್ಲಗೆ ಹತ್ತಿರ ಬಂದಳು. "ಮಿಸ್... ಈ ಅಮ್ಮ ಹೇಳಿದ್ದು ನಿಮಗೆ ಬೇರೆ ಥರ ಕೇಳಿಸ್ತು. ಅವರು ಎದ್ದೇಳಿ ಅಂದಿದ್ದಲ್ಲ ಮಿಸ್. ಏನಾಯ್ತು ಹೇಳಿ ಅಂದ್ರು." ಧೈರ್ಯ ತಂದುಕೊಂಡು ಸೇರಿಸಿದಳು. "ನೀವು 'ಸರಿಯಾ' ಅಂತ ಕೇಳಲೇ ಇಲ್ಲ."

ಕೃಷ್ಣವೇಣಿಗೆ ಸೋಮವಾರದ ಸಂಜೆ ಕಣ್ಮುಂದೆ ಬಂತು.

ಏಳಿ... ದಯವಿಟ್ಟು ಏಳಿ...

ದೇವರೇ! ಹೋಗು ಅನ್ನುವವನು ಯಾಕೆ ದಯವಿಟ್ಟು ಅನ್ನುತ್ತಾನೆ? ಯಾಕೆ ಅವನ ಕಣ್ಣಲ್ಲಿ ನೀರಿತ್ತು? ಗಾಬರಿ ಆದರೆ ಹಕಾರ ಓಡಿಹೋಗುತ್ತೆ ಅಂತ ಮೊದಲೇ ಹೇಳಿರಲಿಲ್ಲವಾ? ಬೇಕಂತ ಎದ್ದು ನಿಂತ ಮಕ್ಕಳನ್ನು ಬೈದವಳು, ತಾನೇ ಎದ್ದು ಹೋಗಿದ್ದಳು. ಇಷ್ಟು ದಿನ ಅವನ ನಾಲಿಗೆ ತಿದ್ದಿದ್ದೇ ತಿದ್ದಿದ್ದು. ತನ್ನ ಕಿವಿ ತಿದ್ದಿಕೊಳ್ಳಬೇಕು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಗಂಟೆ ಹೊಡೆಯುವ ಹೊತ್ತಾಗಿತ್ತು. ಅವಳು ಮಕ್ಕಳ ಕಡೆ ತಿರುಗಿದಳು.

"ಇವತ್ತು ತಪ್ಪು ಒಪ್ಪಿಕೊಳ್ಳೋ ಸರದಿ ನಂದು. ಒಬ್ಬರು ನನ್ನ ಹತ್ರ ಬೇಡ್ಕೊಂಡಿದ್ದು ನನಗೆ ಬೈಗುಳದ ಥರ ಕೇಳಿಸ್ತು. ನಾನು ಸರಿಯಾ ಅಂತ ಕೇಳಲಿಲ್ಲ." ಕನೀಜಳ ತಲೆ ನೇವರಿಸಿದಳು. "ಕೇಳ್ಕೊಂಡು ಬರ್ತೀನಿ."

ಅಬ್ಬಿಗೆರೆಯ ಬಸ್ಸಿನಲ್ಲಿ ಗಂಗರತ್ನಮ್ಮನ ಪಕ್ಕ ಕೂತು ದಾರಿಯುದ್ದಕ್ಕೂ ಎಲ್ಲವನ್ನೂ ಹೇಳಿದಳು. ಆ ತಾಯಿ ಎಲ್ಲ ಕೇಳಿ, ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ನಿಮ್ಮನೆಯೋರು ಒಪ್ಪಾಕಿಲ್ಲ ಕಣವ್ವ."

"ಗೊತ್ತಮ್ಮ."

"ನಮ್ಮೋರೂ ಸುಲಭಕ್ಕೆ ಒಪ್ಪಾಕಿಲ್ಲ." ನಿಟ್ಟುಸಿರು ಬಿಟ್ಟಳು. "ಮೊದ್ಲು ಅವನ್ನ ಮಾತಾಡ್ಸು ಓಗು. ಆಮ್ಯಾಕೆ ನೋಡಾನ."

ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳ ನಡುವೆ ರಾಯಪ್ಪ ಬಳ್ಳಿ ಕಟ್ಟುತ್ತಿದ್ದ. ಗಡ್ಡ ಬಂದಿತ್ತು. ಅವಳನ್ನು ಕಂಡು ಕೈಯಲ್ಲಿದ್ದ ದಾರ ಜಾರಿಬಿತ್ತು.

"ಮೇಡಂ! ನೀವು... ಇಲ್ಲಿಗೆ?"

"ಒಂದು ಪಾಠ ಬಾಕಿ ಉಳಿದಿದೆ. ಕೂತ್ಕೊಳ್ಳಿ."

ಇಬ್ಬರೂ ಕಾಲುವೆಯ ಬದುವಿನ ಮೇಲೆ ಕೂತರು. ಅವಳೇ ಶುರುಮಾಡಿದಳು.

"ಸೋಮವಾರ ನೀವು ಹೇಳಿದ್ದು ನನಗೆ ಹೀಗೆ ಕೇಳಿಸಿತು. ಎದ್ದು ಹೋಗು, ನಿನ್ನ ಗೋಳು ನನಗೆ ಬೇಡ ಅಂತ. ಸರಿಯಾ?"

ಅವನು ಬಾಯಿ ತೆರೆದುಕೊಂಡು ನೋಡಿದ.

"ಎದ್ದು... ಅಯ್ಯೋ! ನಾನಾ? ಯಾಕಂದ್ರೆ ಅಂದ್ರಲ್ಲ, ಅದರ ಮುಂದಿನ ಮಾತು ಏಳಿ ಅಂದೆ! ಕೈ ಮುಗಿಯೋದೊಂದು ಬಾಕಿ ಇತ್ತು... ನೀವು ಎದ್ದು ಓಗ್ಬಿಟ್ರಿ!"

ಎಲ್ಲ ಹಕಾರಗಳೂ ಒಟ್ಟಿಗೆ ಓಡಿಹೋಗಿದ್ದವು. ಅವಳಿಗೆ ಅಳುವಿನ ನಡುವೆಯೂ ನಗು ಬಂತು.

"ನಾನು ಎದ್ದು ಹೋಗಿದ್ದು ನಿಮಗೆ ಹೇಗೆ ಕೇಳಿಸಿತು?"

ಅವನು ತಲೆ ತಗ್ಗಿಸಿದ. "ಈ ಹಳ್ಳಿಯವನಿಗೆ ಹೇಳೋಕೆ ಇವರ ಹತ್ರ ಏನೂ ಇಲ್ಲ... ಸುದ್ದಿ ತಿಳಿಸಿ ಹೋಗೋಕೆ ಬಂದಿದ್ರು ಅಂತ."

"ಸರಿಯಲ್ಲ!" ಅಂದಳು ತಟ್ಟನೆ. "ಒಂದಿಷ್ಟೂ ಸರಿಯಲ್ಲ!"

ಆಮೇಲೆ ಅವಳ ದನಿ ಇಳಿಯಿತು. "ನಾನು ಸಿಟ್ಟಲ್ಲಿ ಅಪ್ಪನಿಗೆ ಹೂಂ ಅಂದ್ಬಿಟ್ಟಿದೀನಿ. ಇವತ್ತು ಹೋಗಿ ಇಲ್ಲ ಅನ್ಬೇಕು. ಅಪ್ಪ ನನ್ನ ಜೊತೆ ಮಾತು ಬಿಡ್ತಾರೆ. ಬಾಗಿಲೇ ಮುಚ್ಚಬಹುದು. ನನಗೆ ತುಂಬಾ ಹೆದರಿಕೆ ಆಗ್ತಿದೆ..."

"ನಾನೂ ಬರ್ತೀನಿ."

"ಬೈತಾರೆ."

"ಬೈಲಿ. ಆದ್ರೆ ನಿಮ್ಮಪ್ಪನ ಮುಂದೆ ನನ್ನ ಮಾತು ಎಂಗೆ ಬರುತ್ತೋ..."

"ಹೇಗಾದ್ರೂ ಬರ್ಲಿ. ಅವರಿಗೆ ಏನು ಕೇಳಿಸ್ತು ಅಂತ ನಾನು ಕೇಳ್ತೀನಿ. ಸರಿ ಅನ್ನೋ ತನಕ ಬಿಡಲ್ಲ. ಮುಂದಿನ ಗುರುವಾರ ನೀವು ಆ ಬೆಂಚಿನಲ್ಲಿ ಇರ್ಬೇಕು, ಅಷ್ಟೇ. ಕನೀಜ್ ಒಬ್ಬಳೇ ಕೂತಿದಾಳೆ."

ಅವನು ಹೂಂ ಅಂದ. ಕೃಷ್ಣವೇಣಿ ತನ್ನ ಬಲಗೈ ಚಾಚಿ, ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿದಳು.

"ಸೋಮವಾರ ಕೇಳಿದ್ದನ್ನ ಇನ್ನೊಂದು ಸಲ ಕೇಳಿ."

"ಏಳಿ," ಅಂದ. ಅಂಗೈಗೆ ಏನೂ ತಾಗಲಿಲ್ಲ.

ಅವಳು ಕೈ ಕದಲಿಸಲಿಲ್ಲ. ಅವನು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡ.

"ಹೇಳಿ."

ಬೆಚ್ಚನೆಯ ಉಸಿರು ಅವಳ ಅಂಗೈ ತುಂಬಿತು.

"ಯಾಕಂದ್ರೆ..." ಅಂದಳು ಕೃಷ್ಣವೇಣಿ. ಈ ಸಲ ಮಾತು ನಿಲ್ಲಲಿಲ್ಲ. "ಯಾಕಂದ್ರೆ ನನಗೆ ನೀವು ಬೇಕು. ಬೇರೆ ಯಾರೂ ಬೇಡ."

ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ನೀವು ಹೇಳಿದ್ದು ನನಗೆ ಹೀಗೆ ಕೇಳಿಸಿತ್ತು... ನೀವು ಹೇಳದೇ ಇದ್ದಾಗ್ಲೂ ಸುಮಾರು ದಿನದಿಂದ ಹೀಗೇ ಕೇಳಿಸ್ತಿತ್ತು. ಕೇಳೋಕೆ ಧೈರ್ಯ ಇರ್ಲಿಲ್ಲ. ಸರಿಯಾ?"

"ಸರಿ," ಅಂದಳು ಅವಳು. ಅಂಗೈ ಇನ್ನೂ ಅಲ್ಲೇ ಇತ್ತು.